ಡೆಲ್ಬರ್ಟ್ ಕೋಗರ್ ತಿದ್ದಿದ ಹಿತ್ತಾಳೆ

ವೆಸ್ಟ್ ವರ್ಜೀನಿಯಾದ ನಮ್ಮ ಕಣಿವೆಯಲ್ಲಿ ಯಾರಿಗಾದರೂ ಹಿತ್ತಾಳೆ ಕೈಕೊಟ್ಟರೆ ಮೊದಲು ಇಳಿಯುತ್ತಿದ್ದುದು ಡೆಲ್ಬರ್ಟ್ ಕೋಗರ್ ಮನೆಯ ನೆಲಮಾಳಿಗೆಗೆ. ಹಾರಿಸಿದ ಕಾಡತೂಸಿನ ಖಾಲಿ ಕವಚಕ್ಕೆ ನಾವು ಹಿತ್ತಾಳೆ ಎಂದೇ ಹೇಳುವುದು. ಗುಂಡು ಹಾರಿದಾಗ ಅದು ಹಿಗ್ಗುತ್ತದೆ. ಪ್ರೆಸ್ಸಿಗೆ ಇಟ್ಟು, ಹಿಡಿ ಎಳೆದು, ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದರೆ ಮತ್ತೆ ಹಳೆಯ ಅಳತೆಗೆ ಬರುತ್ತದೆ. ಆಮೇಲೆ ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ತುಂಬಿಕೊಳ್ಳಬಹುದು. ಹೇಳುವುದಕ್ಕೆ ಇಷ್ಟೇ. ಮಾಡಲು ಕೂತಾಗ ಒಬ್ಬನದು ಅಚ್ಚಿನಲ್ಲೇ ಸಿಕ್ಕಿಕೊಳ್ಳುತ್ತದೆ, ಇನ್ನೊಬ್ಬನದು ಗುಂಡನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಮತ್ತೊಬ್ಬನದು ಅಳತೆ ನೋಡುವ ಗೇಜಿನ ತೂತಿನಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ.

ಡೆಲ್ಬರ್ಟ್ ಕಲ್ಲಿದ್ದಲು ಗಣಿಯ ಯಂತ್ರಗಳನ್ನು ರಿಪೇರಿ ಮಾಡುತ್ತಾ ನಿವೃತ್ತನಾದವನು. ಹಿತ್ತಾಳೆಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಒಂದು ಸುತ್ತು ತಿರುಗಿಸಿ ರೋಗ ಹೇಳುತ್ತಿದ್ದ. ರೋಗದ ಜೊತೆಗೆ ಬೈಗುಳ ಉಚಿತ.

"ಗುಂಡು ಕೂರಿಸೋಕೆ ಅಂತ ಬಾಯಿ ಅಗಲ ಮಾಡಿದ್ದು ಸರಿ. ಕೂರಿಸಿದ ಮೇಲೆ ಮುಚ್ಚಬೇಕು ತಾನೇ? ನಿನಗೂ ಬಾಯಿ ಮುಚ್ಚೋ ಅಭ್ಯಾಸ ಇಲ್ಲ, ನಿನ್ನ ಹಿತ್ತಾಳೆಗೂ ಇಲ್ಲ," ಎಂದು ಒಮ್ಮೆ ನನಗೇ ಹೇಳಿದ್ದ. ಇನ್ನೊಬ್ಬನಿಗೆ, "ಅಚ್ಚನ್ನ ಕೆಳಗಿನ ತನಕ ತಿರುಗಿಸೇ ಇಲ್ಲ ಕಣೋ ನೀನು. ಹೆಂಡ್ತಿ ಕರೆದಳು ಅಂತ ಅರ್ಧಕ್ಕೇ ಎದ್ದು ಓಡಿದ್ಯಾ?" ಬೈಸಿಕೊಂಡವರು ನಗುತ್ತಾ ಮೆಟ್ಟಿಲು ಹತ್ತುತ್ತಿದ್ದರು.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಬೇರೆಯವನು ತುಂಬಿದ ಕಾಡತೂಸನ್ನು ಯಾರೂ ಹಾರಿಸುವುದಿಲ್ಲ, ಒಡಹುಟ್ಟಿದವನು ತುಂಬಿದ್ದಾದರೂ ಸರಿ. ಮದ್ದು ಅಳೆದ ಕೈ ಯಾರದೋ ತಪ್ಪೂ ಅವನದೇ. ಆದರೆ ಖಾಲಿ ಹಿತ್ತಾಳೆಗೆ ಈ ಮಡಿ ಇಲ್ಲ. ಅದನ್ನು ಯಾರು ಬೇಕಾದರೂ ತಿದ್ದಿ ಯಾರಿಗೆ ಬೇಕಾದರೂ ಕೊಡಬಹುದು. ನಮ್ಮ ಕಟ್ಟುಪಾಡಿನಲ್ಲಿ ಇಷ್ಟು ದೊಡ್ಡ ತೂತಿದೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ.

ಡೆಲ್ಬರ್ಟನ ಹೆಂಡತಿ ರೀವಾಳ ಅಣ್ಣ ಅರ್ಲಿ ಹ್ಯಾಮ್ರಿಕ್. ಗಣಿಯಲ್ಲಿ ಚಾವಣಿ ಕುಸಿದು ಬಲ ಭುಜ ಹೋದವನು. ಪ್ರೆಸ್ಸಿನ ಹಿಡಿ ಎಳೆಯುವುದು ಅವನ ಕೈಲಾಗದು. ಅದಕ್ಕೇ ಅವನ ಹಿತ್ತಾಳೆಯನ್ನು ಡೆಲ್ಬರ್ಟ್ ತಿದ್ದಿ, ಕಾಫಿ ಡಬ್ಬಕ್ಕೆ ಹಾಕಿ ಕೊಡುತ್ತಿದ್ದ. ಕೇಪು, ಮದ್ದು, ಗುಂಡು ಎಲ್ಲ ಅರ್ಲಿಯೇ ತನ್ನ ಅಡುಗೆಮನೆಯ ಮೇಜಿನ ಮೇಲೆ ನಿಧಾನವಾಗಿ ತುಂಬಿಕೊಳ್ಳುತ್ತಿದ್ದ.

ಕೆಲವು ಪಿಸ್ತೂಲುಗಳಲ್ಲಿ ಕಾಡತೂಸು ಕೂರುವ ಗೂಡು ತಳದಲ್ಲಿ ಸ್ವಲ್ಪ ಸಡಿಲ. ಅದರಲ್ಲಿ ಹಾರಿದ ಹಿತ್ತಾಳೆ ಬುಡದ ಹತ್ತಿರ ಒಂದು ಬದಿಗೆ ಹೊಟ್ಟೆ ಬಿಡುತ್ತದೆ. ಮಾಮೂಲಿ ಅಚ್ಚು ಅಷ್ಟು ಕೆಳಗೆ ಮುಟ್ಟುವುದಿಲ್ಲ, ಹಾಗಾಗಿ ಗೇಜಿನೊಳಗೆ ಇಳಿಯುವುದೂ ಇಲ್ಲ. ಅಂಥವನ್ನು ಡೆಲ್ಬರ್ಟ್ ಇಕ್ಕಳದಲ್ಲಿ ಹಿಸುಕಿ ಗುಜರಿಗೆ ಎಸೆಯುತ್ತಿದ್ದ, ಬೇರೆ ಯಾರೂ ಆರಿಸಿಕೊಳ್ಳದಿರಲಿ ಎಂದು. ಆದರೆ ಆ ವರ್ಷ ಅಂಗಡಿಗಳಲ್ಲಿ ಹಿತ್ತಾಳೆ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನು ಇನ್ನೊಂದು ಬಗೆಯ ಅಚ್ಚು ತರಿಸಿದ. ಅದು ಹಿತ್ತಾಳೆಯನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ದೂಡಿಬಿಡುತ್ತದೆ, ಹೊಟ್ಟೆಯೂ ಇಸ್ತ್ರಿಯಾಗಿ ಹೊರಗೆ ಬರುತ್ತದೆ. ಗೇಜಿಗೆ ಹಾಕಿದರೆ ಟಕ್ ಎಂದು ಇಳಿಯುತ್ತದೆ.

"ಇನ್ಮೇಲೆ ಗುಜರಿಯವನು ಉಪವಾಸ," ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡ.

ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೆಲವು ಹಿತ್ತಾಳೆಗಳ ಹೊಟ್ಟೆಯ ಮೇಲೆ ಉಗುರಿನಿಂದ ಒತ್ತಿದಂಥ ಅರ್ಧಚಂದ್ರದ ಗೆರೆ ಇತ್ತು. ಗೆರೆ ಬಿದ್ದ ಹಿತ್ತಾಳೆ ಆಗಲೇ ಹರಿಯಲು ಹೊರಟಿರುತ್ತದೆ, ಇಸ್ತ್ರಿ ಮಾಡಿದರೆ ಗೆರೆ ಮುಚ್ಚುತ್ತದೆಯೇ ಹೊರತು ಗುಣವಾಗುವುದಿಲ್ಲ. ಡೆಲ್ಬರ್ಟ್ ಅವನ್ನೂ ದೂಡಿದ. ಪಾಲಿಶ್ ಮಾಡಿದ. ಆಮೇಲೆ ಇನ್ನೊಂದು ಕೆಲಸ ಮಾಡಿದ. ಹೊಟ್ಟೆಯೇ ಬಿಟ್ಟಿರದ ಒಳ್ಳೆಯದನ್ನು ತನ್ನ ಡಬ್ಬಕ್ಕೆ, ಇಸ್ತ್ರಿ ಮಾಡಿದ್ದನ್ನು ಅರ್ಲಿಯ ಡಬ್ಬಕ್ಕೆ ಹಾಕಿದ. ಅರ್ಲಿ ಹೇಗೂ ಮದ್ದು ಕಡಿಮೆ ಹಾಕುವವನು, ಅವನಿಗೆ ಇದು ತಡೆಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇದೆಲ್ಲ ಅವನೇ ಆಮೇಲೆ ನನ್ನ ಮುಂದೆ ಹೇಳಿದ್ದು.

ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ನಮ್ಮ ಕ್ಲಬ್ಬಿನ ಗುರಿ ಹೊಡೆಯುವ ಪಂದ್ಯ. ಜಾಗ ಊರಾಚೆ ಕಲ್ಲಿದ್ದಲು ಅಗೆದು ಬಿಟ್ಟ ಗುಂಡಿ. ಅಂಕ ಬರೆಯುವ ಕೆಲಸ ನನ್ನದು. ಎಡಗೈಯಲ್ಲೇ ಹಾರಿಸುವ ಅರ್ಲಿಯ ಸರದಿಯಲ್ಲಿ ಒಂದು ಸದ್ದು ಬೇರೆ ಥರ ಕೇಳಿಸಿತು. ಪಿಸ್ತೂಲಿನ ಹಿಡಿಕೆ ಸೀಳಿ, ಅದರೊಳಗಿನ ಕಾಡತೂಸಿನ ಮ್ಯಾಗಜಿನ್ ಕೆಳಗೆ ಚಿಮ್ಮಿತ್ತು. ಅರ್ಲಿಯ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು.

ಯಾರೋ "ಒಂದೇ ಹಿತ್ತಾಳೆಗೆ ಎರಡು ಸಲ ಮದ್ದು ಸುರಿದಿದೀಯ ಅರ್ಲಿ" ಎಂದರು. ನಾನೂ ತಲೆಯಾಡಿಸಿದೆ. ಹಾಗಾದಾಗ ಮೊದಲು ಹಾಗೆ ಹೇಳುವುದೇ ನಮ್ಮ ರೂಢಿ. ಅರ್ಲಿ ಬಿಳಿಚಿಕೊಂಡು, "ಇರಬೇಕು ಮಾರಾಯ. ನನಗೆ ನೆನಪೇ ಆಗ್ತಿಲ್ಲ," ಎಂದ.

ಕಚ್ಚಿಕೊಂಡಿದ್ದ ಪಿಸ್ತೂಲಿನಿಂದ ಹಿತ್ತಾಳೆ ಬಿಡಿಸಿದ್ದು ಡೆಲ್ಬರ್ಟ್. ನಳಿಗೆಗೆ ಏನೂ ಆಗಿರಲಿಲ್ಲ. ಕೇಪು ನೆಟ್ಟಗಿತ್ತು. ಎರಡು ಪಾಲು ಮದ್ದಿಗೆ ಸಿಕ್ಕಿದ ಪಿಸ್ತೂಲು ಹಾಗಿರುವುದಿಲ್ಲ. ಹಿತ್ತಾಳೆ ಮಾತ್ರ ಬುಡದಲ್ಲಿ, ಆ ಗೆರೆಯ ಜಾಗದಲ್ಲೇ ಬಾಯಿ ಬಿಟ್ಟಿತ್ತು. ಅವನು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡ.

"ಏನು ಕಾಣಿಸ್ತು?" ಎಂದು ಕೇಳಿದೆ.

"ಹರಿದಿದೆ," ಎಂದ, ಅಷ್ಟೇ.

ಅಂಗೈ ಹೊಲಿಗೆ ಹಾಕಿದ ಮೇಲೆ ಕೂಡಿಕೊಂಡಿತು. ಕೂಡಿಕೊಳ್ಳದೇ ಹೋದದ್ದು ಅರ್ಲಿಯ ತಲೆಯೊಳಗಿನದು. ಅವನ ತಾಯಿ ಓಸಿಗೆ ಇದೇ ವಯಸ್ಸಿನಲ್ಲಿ ಮರೆವು ಹಿಡಿದು, ಕೊನೆಗೆ ಮಕ್ಕಳನ್ನೇ ಯಾರೋ ಅಪರಿಚಿತರು ಎಂದು ಮನೆಯಿಂದ ಅಟ್ಟುತ್ತಿದ್ದಳು. ಮದ್ದು ಸುರಿದದ್ದೇ ಮರೆತವನಿಗೆ ಇನ್ನೇನು ಉಳಿಯಿತು, ತನಗೂ ಅದೇ ಶುರುವಾಯಿತು ಎಂದು ಅರ್ಲಿ ತೀರ್ಮಾನಿಸಿಬಿಟ್ಟ. ಟ್ರಕ್ ಓಡಿಸುವುದು ನಿಲ್ಲಿಸಿದ. ಚರ್ಚಿನಲ್ಲಿ ಕಾಣಿಕೆ ಎಣಿಸುವ ಕೆಲಸ ಬಿಟ್ಟ. ಒಲೆಯ ಮೇಲೆ 'ಆರಿಸಿದೆಯಾ?' ಎಂದು ಬರೆದು ಅಂಟಿಸಿಕೊಂಡ. ರೀವಾ ಅಣ್ಣನ ಮನೆಯಿಂದ ಬಂದಾಗಲೆಲ್ಲ ಸಿಂಕಿನ ಮುಂದೆ ನಿಂತು ಅಳುತ್ತಿದ್ದಳು.

ಡೆಲ್ಬರ್ಟ್ ಇದನ್ನೆಲ್ಲ ಕಣ್ಣಾರೆ ನೋಡಿದ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಮಾತಿನ ಬದಲು ಮೈ ದಂಡಿಸಿದ. ಅರ್ಲಿಯ ಅಂಗಳದ ಹಿಮ ಗೋರಿದ, ಸೌದೆ ಒಡೆದುಕೊಟ್ಟ, ಬೇಕರಿಯಿಂದ ಪೆಪ್ಪರೋನಿ ರೋಲು ತಂದಿಟ್ಟ. ಅರ್ಲಿ ಪ್ರತಿ ಸಲವೂ "ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ ಡೆಲ್ಬರ್ಟ್" ಅನ್ನುತ್ತಿದ್ದ. ನೆಲಮಾಳಿಗೆಗೆ ಹೋದ ನಮಗೆ ಈಗ ಬೈಗುಳವೂ ಇಲ್ಲ. ನನ್ನ ಹಿತ್ತಾಳೆಯೊಂದು ಗೇಜಿನಲ್ಲಿ ನಿಂತಾಗ ನೋಡಲೂ ಇಲ್ಲ. "ಎಸೆದುಬಿಡು ಎಲ್ವುಡ್," ಎಂದ. ನಾನು ವಯಸ್ಸಿನ ಮುನಿಸು ಅಂದುಕೊಂಡೆ. ಎಂಥ ದಡ್ಡ ನಾನು!

ಕ್ರಿಸ್‌ಮಸ್ ಕಳೆದ ಮೇಲೆ ಅರ್ಲಿ ಕರೆ ಕಳಿಸಿದ. ತನ್ನ ಸಾಮಾನನ್ನೆಲ್ಲ ಡೆಲ್ಬರ್ಟನಿಗೆ ಕೊಟ್ಟುಬಿಡುತ್ತಾನಂತೆ, ಹೊರಲು ಇನ್ನೊಂದು ಜೊತೆ ಕೈ ಬೇಕು. ಹಾಗಾಗಿ ನಾನೂ ಹೋದೆ. ಅಡುಗೆಮನೆಯಲ್ಲಿ ತಕ್ಕಡಿ, ಮದ್ದಿನ ಅಳತೆ, ಎಲ್ಲವನ್ನೂ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದ.

"ಸೋಮವಾರ ರೀವಾ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ," ಎಂದ ಅರ್ಲಿ. "ಅವರು ಏನ್ ಹೇಳ್ತಾರೋ ನನಗೆ ಗೊತ್ತು. ಅದಕ್ಕೆ ಮುಂಚೆ ಇದೆಲ್ಲ ಒಳ್ಳೆ ಕೈಗೆ ಸೇರ್ಲಿ. ಈ ಊರಲ್ಲಿ ಕಣ್ಮುಚ್ಚಿ ನಂಬಬಹುದಾದ ಕೆಲಸ ಅಂದ್ರೆ ನಿಂದೊಂದೇ."

ನಾನು ಪೆಟ್ಟಿಗೆಗೆ ಕೈ ಹಾಕಿದೆ. ಡೆಲ್ಬರ್ಟ್ ಅಲ್ಲಾಡಲಿಲ್ಲ. ಜೇಬಿನಿಂದ ಹರಿದ ಹಿತ್ತಾಳೆ ತೆಗೆದು ಮೇಜಿನ ಮೇಲಿಟ್ಟ.

"ನೀನು ಎರಡು ಸಲ ಸುರಿದಿಲ್ಲ ಅರ್ಲಿ. ಇದು ಹೊಟ್ಟೆ ಬಿಟ್ಟಿದ್ದು, ಗೆರೆ ಬಿದ್ದಿದ್ದು. ಗೊತ್ತಿದ್ದೂ ದೂಡಿ ನಿನ್ನ ಡಬ್ಬಕ್ಕೆ ಹಾಕಿದೆ. ನಿನ್ನ ತಲೆಗೆ ಏನೂ ಆಗಿಲ್ಲ."

ಅರ್ಲಿ ಹಿತ್ತಾಳೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದ. ಹರಿದ ಜಾಗದ ಮೇಲೆ ಉಗುರಾಡಿಸಿ ನೋಡಿದ. ಆಮೇಲೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ.

"ಅಂದ್ರೆ ನಾನು ಸರಿಯಾಗಿದೀನಿ?"

"ಸರಿಯಾಗಿದೀಯ."

"ನಿನಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಪಿಸ್ತೂಲಿಂದ ಬಿಡಿಸಿದಾಗಲೇ."

ನಗು ನಿಂತಿತು. "ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಮೊಮ್ಮಕ್ಕಳ ಹೆಸರು ಒಂದೊಂದೇ ಹೇಳ್ಕೋತೀನಿ ನಾನು. ಒಂದು ತಡವಾದ್ರೆ ಎದೆ ಒಡೆದುಹೋಗುತ್ತೆ. ಇದೇ ಮೇಜಿನ ಮುಂದೆ ಕೂತು ನಿನಗೆ ಹೇಳಿದ್ದೆ. ಕೇಳಿಸ್ಕೊಂಡು ಕಾಫಿ ಕುಡಿದ್ಯಲ್ಲೋ!"

ನನಗೆ ಅಲ್ಲಿರಲೂ ಆಗದು, ಹೊರಡಲೂ ಆಗದು.

"ಇನ್ನೊಂದು ಮಾತು," ಎಂದ ಅರ್ಲಿ, ಸ್ವರ ಇಳಿಸಿ. "ಇಂಥವನ್ನ ನಿನ್ನ ಪಿಸ್ತೂಲಿಗೂ ತುಂಬ್ಕೊಂಡಿದ್ಯಾ?"

ತುಂಬಿಕೊಂಡಿದ್ದೆ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಒಂದೇ ತಪ್ಪಿನ ಪಾಲುದಾರರಾಗುತ್ತಿದ್ದರು, ಅರ್ಲಿ ನಂಬುತ್ತಿದ್ದ, ಬಹುಶಃ ಕ್ಷಮಿಸಿಯೂ ಬಿಡುತ್ತಿದ್ದ.

"ಇಲ್ಲ," ಎಂದ ಡೆಲ್ಬರ್ಟ್. "ಒಳ್ಳೇವನ್ನ ನಾನಿಟ್ಕೊಂಡೆ."

ಅರ್ಲಿ ಕೂಗಾಡಲಿಲ್ಲ. ಗೋಡೆಯ ಫೋನನ್ನು ತೆಗೆದು ಡೆಲ್ಬರ್ಟನ ಮುಂದೆ ಹಿಡಿದ.

"ರೀವಾಗೆ ಮಾಡು. ಸೋಮವಾರ ಡಾಕ್ಟರ ಹತ್ರ ಹೋಗೋದು ಬೇಡ ಅಂತ ಹೇಳು. ಯಾಕೆ ಬೇಡ ಅಂತಾನೂ ನೀನೇ ಹೇಳು."

ಡೆಲ್ಬರ್ಟ್ ತನ್ನ ಮನೆಯ ನಂಬರು ಒತ್ತಿದ. ಆ ಕಡೆಯಿಂದ ರೀವಾಳ ದನಿ ನನಗೂ ಕೇಳುತ್ತಿತ್ತು. "ಬೀನ್ಸ್ ಆರಿಹೋಗ್ತಿದೆ, ಎಲ್ಲಿದೀಯ? ಅಣ್ಣನ್ನೂ ಕರ್ಕೊಂಡು ಬಾ, ಪಾಪ, ಒಬ್ಬನೇ ಏನು ತಿಂತಾನೆ."

ಡೆಲ್ಬರ್ಟ್ ಗೋಡೆಗೆ ಮುಖ ಮಾಡಿ ಹೇಳಿದ. ಗೆರೆ ಕಂಡದ್ದು, ಜೇಬಿಗೆ ಹಾಕಿಕೊಂಡದ್ದು, ಅವಳು ಸಿಂಕಿನ ಮುಂದೆ ಅಳುವಾಗ ಹಿಂದೆ ಸುಮ್ಮನೆ ನಿಂತದ್ದು, ಯಾವ ಡಬ್ಬಕ್ಕೆ ಯಾವುದನ್ನು ಹಾಕಿದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, "ರೀವಾ?" ಎಂದ. ಮತ್ತೆ "ರೀವಾ?" ಎಂದ.

"ಅಣ್ಣನ ಕೈಗೆ ಫೋನ್ ಕೊಡು," ಎಂದಳು ರೀವಾ.