ಕಣಪ್ಪ ಅಂದವರು ಯಾರು?

ಹ್ಯಾಂಡ್‌ಪೋಸ್ಟ್ ಎಂಬ ನಮ್ಮೂರಿನಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆ ನಮ್ಮ ವಾರಪತ್ರಿಕೆಯ ಕಚೇರಿ. ಯಾವ ಪಕ್ಷದ ಹಂಗೂ ಇಲ್ಲ, ಯಾವ ಸಾಹುಕಾರರ ಹಂಗೂ ಇಲ್ಲ. ಹಾಗಾಗಿ ಫ್ಯಾನೂ ಇಲ್ಲ. ನಿವೃತ್ತ ಕನ್ನಡ ಮೇಷ್ಟ್ರಾದ ನಾನು ಅಲ್ಲಿ ಕರಡು ತಿದ್ದುತ್ತೇನೆ. ಕಂಡವರ ತಪ್ಪು ಹಿಡಿಯುವುದೇ ನನ್ನ ಕಸುಬು. ಆದರೆ ಆ ವಾರದ ದೊಡ್ಡ ತಪ್ಪು ನನ್ನದೇ ಆಗಿತ್ತು.

ಶುಂಠಿ ತೊಳೆಯುವ ಶೆಡ್ಡೊಂದರಿಂದ ಔಷಧಿಯ ನೀರು ಊರ ಕೆರೆಗೆ ಸೇರುತ್ತಿತ್ತು. ಅದನ್ನು ನಮ್ಮ ಸಂಪಾದಕರಿಗೆ ತಿಳಿಸಿದವರು ಅಲ್ಲೇ ದುಡಿಯುವ ಒಬ್ಬ ಅಜ್ಜಿ. "ಎಸ್ರು ಮಾತ್ರ ಆಕ್ಬ್ಯಾಡಿ. ಗೊತ್ತಾದ್ರೆ ನಾಳಿಂದ ಕೆಲ್ಸಕ್ಕೆ ಬರ್ಬ್ಯಾಡ ಅಂತಾರೆ" ಅಂದಿದ್ದರು. ಸಂಪಾದಕರು ಹೆಸರು ಬಿಟ್ಟು, ಅವರ ಮಾತನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಕೊಟ್ಟರು. ನನಗದು ಸಪ್ಪೆ ಎನಿಸಿತು. ಅವತ್ತು ಅಲ್ಲೇ ಕೂತು ಕೇಳಿಸಿಕೊಂಡಿದ್ದವನು, ಅಜ್ಜಿ ಆಡಿದ ಹಾಗೇ ಕೂರಿಸಿಬಿಟ್ಟೆ: "ಆ ನೀರ ದನಾನೂ ಮೂಸಾಕಿಲ್ಲ ಕಣಪ್ಪ."

ಪತ್ರಿಕೆ ಬಂದ ದಿನವೇ ಶೆಡ್ಡಿನ ಯಜಮಾನ ಮೆಟ್ಟಿಲು ಹತ್ತಿ ಬಂದ. "ಕಣಪ್ಪ ಅಂದೋರು ಯಾರು? ನಮ್ಮಲ್ಲಿರೋ ಹುಡುಗೀರೆಲ್ಲ ನಿಮ್ಮಂಥೋರನ್ನ ಅಣ್ಣಾ ಅಂತಾರೆ. ಅಪ್ಪಾ ಅನ್ನೋ ವಯಸ್ಸಿನೋಳು ಒಬ್ಳೇ ಮುದುಕಿ."

ನಾನು ಕರಡಿನೊಳಗೆ ತಲೆ ಹುದುಗಿಸಿದೆ. ಸಂಪಾದಕರು ನನ್ನತ್ತ ತಿರುಗಿಯೂ ನೋಡಲಿಲ್ಲ. "ಹೇಳಲ್ಲ ಕಣ್ರೀ. ಕೋರ್ಟಿಗೆ ಹೋಗಿ, ಅಲ್ಲೂ ಹೇಳಲ್ಲ" ಅಂದರು.

ಮರುದಿನ ತಾವೇ ಕೆರೆಗೆ ಹೋಗಿ ನೋಡಿ ಬಂದರು. ಮುಂದಿನ ವಾರದ ಮುಖಪುಟದಲ್ಲಿ ಸ್ವಂತ ಹೆಸರು ಹಾಕಿ ಬರೆದರು: "ಕೆರೆ ನೊರೆ ಕಟ್ಟಿದೆ ಕಣಪ್ಪ. ನನ್ನ ಕಣ್ಣಾರೆ ಕಂಡೆ ಕಣಪ್ಪ. ಬರೆಯೋದ ನಿಲ್ಸಲ್ಲ ಕಣಪ್ಪ." ಸಾಲುಸಾಲಿಗೂ ಕಣಪ್ಪ! ಅದನ್ನು ಓದಿ ಪಿರಿಯಾಪಟ್ಟಣ, ಕೆ.ಆರ್. ನಗರದಿಂದೆಲ್ಲ ಪತ್ರಗಳು ಬಂದವು. ಒಂದೊಂದರ ಕೊನೆಗೂ ಕಣಪ್ಪ. ಯಜಮಾನ ಈಗ ಯಾರನ್ನೆಂದು ಹಿಡಿಯುತ್ತಾನೆ? ವಕೀಲರಿಂದ ನೋಟಿಸು ಕೊಡಿಸಿದ, ನಮಗೆ ಬರುವ ಜಾಹೀರಾತು ತಪ್ಪಿಸಿದ. ಸಂಪಾದಕರು ಜಗ್ಗಲಿಲ್ಲ. ಅಜ್ಜಿಯ ಕೆಲಸ ಉಳಿಯಿತು. ಆ ಮನುಷ್ಯನನ್ನು ನೋಡಿ ನಾನು ಬೆರಗಾದೆ. ನನ್ನ ತಪ್ಪನ್ನು ಅವರು ಇವತ್ತಿಗೂ ಎತ್ತಿ ಆಡಿಲ್ಲ. ಒಮ್ಮೆ ಬೈದಿದ್ದರೆ ನಾನೇ ಹಗುರಾಗುತ್ತಿದ್ದೆ.

ಪತ್ರಿಕಾ ಸ್ವಾತಂತ್ರ್ಯ ಕಾಪಾಡಿದ್ದಕ್ಕೆಂದು ಈಚೆಗೆ ಹುಣಸೂರಿನಲ್ಲಿ ಅವರಿಗೆ ಸನ್ಮಾನವಾಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಎರಡನೇ ಸಾಲಿನಲ್ಲಿ ಶೆಡ್ಡಿನ ಯಜಮಾನನೂ ಕೂತಿದ್ದ; ಸನ್ಮಾನವೆಂದರೆ ಆಗದವರೂ ಊಟಕ್ಕೆ ಬರುವ ಸೀಮೆ ನಮ್ಮದು. ಅಜ್ಜಿಯೂ ಬಸ್ಸು ಹತ್ತಿ ಬಂದು ಬಾಗಿಲ ಬಳಿ ನಿಂತಿದ್ದರು.

ಕಾರ್ಯಕ್ರಮ ಮುಗಿಯಿತು. ಸಂಪಾದಕರು ಸಿಕ್ಕವರ ಕೈ ಕುಲುಕುತ್ತಾ ಬಾಗಿಲಿಗೆ ಬಂದರು. ಅಜ್ಜಿ ಎರಡೂ ಕೈ ಮುಗಿದರು. ಯಜಮಾನ ನೋಡುತ್ತಲೇ ಇದ್ದ. ಸಂಪಾದಕರು ಯಾರೋ ದಾರಿಹೋಕರನ್ನು ದಾಟುವಂತೆ ಅಜ್ಜಿಯನ್ನು ದಾಟಿ ನಡೆದುಬಿಟ್ಟರು.

ಪಾಪ, ನೊಂದುಕೊಂಡರೇನೋ ಎಂದು ನಾನು ಜನ ಚದುರಿದ ಮೇಲೆ ಹತ್ತಿರ ಹೋದೆ. ಅಜ್ಜಿಯ ಕಣ್ಣು ತುಂಬಿತ್ತು, ಮುಖ ಅರಳಿತ್ತು.

"ನೋಡುದ್ರಾ ಮೇಷ್ಟ್ರೇ?" ಅಂದರು ಮೆಲ್ಲಗೆ. "ಇವತ್ತೂ ನನ್ ಗುರ್ತು ಬುಟ್ಕೊಡ್ನಿಲ್ಲ."