ಮಡಿಕೇರಿಯಲ್ಲಿ ತೂಗುತ್ತಿದ್ದ ಚೀಲಗಳು

ಅಥವಾ ಮಡಿಕೇರಿಯಲ್ಲಿ ಕಂಡ ಆ ಚೀಲದ ಬಟ್ಟೆಚೂರು ಕೆಂಪಗಿರಲೇ ಇಲ್ಲವೇನೋ. ಅಮ್ಮನ ಚೀಲದ್ದನ್ನೇ ಆ ಚೀಲಕ್ಕೂ ಕಟ್ಟಿ ನಾನು ನೆನಪಿಸಿಕೊಳ್ಳುತ್ತಿರಬಹುದು.

ಆಗೆಲ್ಲ ನಾವು ಸಿದ್ದಾಪುರದ ಹತ್ತಿರ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿದ್ದೆವು. ಕಾಫಿ ಕೊಯ್ಲಿನಲ್ಲಿ, ತೂಕದ ಹೊತ್ತಿಗೆ ಅದಲುಬದಲಾಗದಿರಲೆಂದು, ಪ್ರತಿ ಹೆಂಗಸೂ ತನ್ನ ಚೀಲದ ಬಾಯಿಗೆ ಒಂದು ಬಟ್ಟೆಚೂರು ಕಟ್ಟುತ್ತಿದ್ದಳು. ಅಮ್ಮ ಮತ್ತು ಅವಳ ತಂಗಿ ಒಂದೇ ಹಳೇ ಕೆಂಪು ಸೀರೆ ಹರಿದು ಕಟ್ಟಿಕೊಂಡಿದ್ದರು. ಚಿಕ್ಕಮ್ಮನದು ಮಾತ್ರ ಜೋಡಿ ಗಂಟು. ಕಾಫಿಹಣ್ಣಿನ ಹುಳಿಸಿಹಿ ವಾಸನೆಯ ಆ ಚೀಲದೊಳಗೆ ನನ್ನನ್ನು ಕೂರಿಸಿ, "ರೈಟರೇ, ಇದನ್ನೂ ತೂಕಕ್ಕೆ ಹಾಕಿ!" ಎಂದು ಚಿಕ್ಕಮ್ಮ ತೂಕ ಬರೆಯುವವನಿಗೆ ಕೂಗುತ್ತಿದ್ದಳು.

ಆಮೇಲೆ ಅವಳು ಬೇರೆ ಎಸ್ಟೇಟಿಗೆ ಹೋದಳು. ಒಂದು ಮಳೆಗಾಲ ಅವಳಿದ್ದ ಲೈನಿನ ಮೇಲೆ ಗುಡ್ಡ ಬಿತ್ತು. ಅವಳು ಸಿಗಲಿಲ್ಲ. ಹಿಂದಿನ ದಿನ ಅವಳು ಕೊಯ್ಲಿನ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಸೋಮವಾರಪೇಟೆ ಬಸ್ಸು ಹತ್ತಿದ್ದನ್ನು ಕಂಡೆ ಎಂದು ಯಾರೋ ಹೇಳಿದರು. ಆ ಮಾತು ಹಿಡಿದುಕೊಂಡು ಅಮ್ಮ ತಿಥಿ ಮಾಡಲು ಬಿಡಲಿಲ್ಲ. ಎಸ್ಟೇಟಿನ ಗೇಟಿನಲ್ಲಿ ಬಸ್ಸು ನಿಂತರೆ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು.

ಮರುವರ್ಷ ದಸರಾ ರಜೆಯಲ್ಲಿ ಅಪ್ಪ ನಮ್ಮನ್ನು ಮಡಿಕೇರಿ ತೋರಿಸಲು ಕರೆದುಕೊಂಡು ಹೋದ. ಚುರುಮುರಿ ತಿನ್ನುತ್ತಾ ಬರುವಾಗ ಹಳೇ ಬಂಗಲೆಯೊಂದರಲ್ಲಿ ಕಲಾ ಪ್ರದರ್ಶನ ಕಂಡು ಒಳಹೊಕ್ಕೆವು. ಚಿತ್ರಗಳೇ ಇರಲಿಲ್ಲ. ಮಾಡಿನಿಂದ ಕೊಯ್ಲಿನ ಚೀಲಗಳು ತೂಗುತ್ತಿದ್ದವು, ಒಣಗಿದ ಮಣ್ಣಿನ ಸಮೇತ.

"ನಾವು ಹೊರೋದನ್ನೇ ನೇತುಹಾಕಿದ್ದಾರಲ್ಲ ಮಾರಾಯ್ತಿ!" ಅಪ್ಪ ನಕ್ಕ. "ಇದನ್ನ ನೋಡಕ್ಕೆ ಬಸ್ಸು ಹತ್ತಿ ಬರ್ಬೇಕಿತ್ತಾ?"

ಅಮ್ಮ ಒಂದು ಚೀಲದ ಬಾಯಿ ಹಿಡಿದು ನಿಂತಿದ್ದಳು.

"ಅಮ್ಮಾ, ಮುಟ್ಬಾರ್ದು," ಎಂದಳು ಅಲ್ಲಿ ಕಾವಲಿಗಿದ್ದ ಹುಡುಗಿ.

"ಇದು ಎಲ್ಲಿಂದ ಬಂತು ಮಗಾ?"

"ಕೆಲವು ಗುಡ್ಡ ಬಿದ್ದಲ್ಲಿ ಮಣ್ಣಿಂದ ತೆಗ್ದಿದ್ದು, ಕೆಲವು ಸಂತೇಲಿ ತಗೊಂಡಿದ್ದು. ಆಮೇಲೆ ಎಲ್ಲಕ್ಕೂ ಮಣ್ಣು ಬಳಿದಿದ್ದಾರೆ. ಯಾವ್ದು ಯಾವ್ದು ಅಂತ ಈಗ ಮಾಡಿದವ್ರಿಗೂ ಗೊತ್ತಿಲ್ಲ."

"ಜೋಡಿ ಗಂಟು ಎಷ್ಟೋ ಜನ ಹಾಕ್ತಾರೆ. ಬಾರೇ," ಎಂದ ಅಪ್ಪ. ಅವನ ದನಿಯಲ್ಲಿ ನಗು ಇರಲಿಲ್ಲ.

"ಇದು ಅವಳ ಕೈಯ ಗಂಟೇ," ಎಂದಳು ಅಮ್ಮ.

ಆ ವರ್ಷ ಕೊಯ್ಲಿಗೆ ಮುಂಚೆ ತಿಥಿಯಾಯಿತು. ಗೇಟಿನಲ್ಲಿ ಬಸ್ಸು ನಿಂತರೆ ಅಮ್ಮ ಏಳುವುದನ್ನು ಬಿಟ್ಟಳು. ಚಿಕ್ಕಮ್ಮ ಹೋದ ಮೇಲೂ ಕಾಯುವುದೊಂದು ನಮ್ಮ ಮನೆಯಲ್ಲಿ ಉಳಿದಿತ್ತು, ಅದೂ ಹೋಯಿತು.

ನಾನು ಅಂದು ಗಂಟನ್ನು ನೋಡಿದೆನೋ, ಅಮ್ಮನ ಮುಖವನ್ನಷ್ಟೇ ನೋಡಿದೆನೋ, ಹೇಳಲಾರೆ. ಅದು ಚಿಕ್ಕಮ್ಮನ ಚೀಲವೇ ಆಗಿತ್ತೇ ಎಂಬುದು ನನಗೆ ಗೊತ್ತಿಲ್ಲ.