ಕಡೇ ಕೋಟು ಯಾರು ಹಚ್ಚಬೇಕು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಅವತ್ತಿನ ರಾದ್ಧಾಂತಕ್ಕೆಲ್ಲ ಮೊಬೈಲೇ ಕಾರಣ ಎಂದುಕೊಂಡೀರಿ.

ನನ್ನ ತವರು ಅಥಣಿ ಕಡೆಯ ಕೊಕಟನೂರ. ಕೊಟ್ಟದ್ದು ನಿಪ್ಪಾಣಿ ಹತ್ತಿರದ ಅಕ್ಕೋಳಕ್ಕೆ, ಬಡಿಗೇರ ಮನೆಗೆ. ಅಂಗಳದಲ್ಲೇ ತಗಡಿನ ಶೆಡ್ಡು, ಅದೇ ಅಂಗಡಿ. ಮರ ಕೊಯ್ದು, ರಂದಾ ಹೊಡೆದು ನುಣುಪು ಮಾಡಿ, ಕೆತ್ತಿ ಜೋಡಿಸುವವರು ನನ್ನ ಗಂಡ, ಪಾಲಿಶ್ ಮಾಡುವವರು ಮಾವ. ಮನೆಮಾತು ಕನ್ನಡವೇ, ಆದರೆ ಮಾವನ ಕನ್ನಡದಲ್ಲಿ ನಾಲ್ಕು ಮಾತಿಗೊಂದು ಮರಾಠಿ. ಯಾವುದು ಯಾವ ಭಾಷೆ ಎಂದು ಅವರನ್ನೇ ಕೇಳಿದರೂ ಹೇಳಲಾರರು.

ಬಂದ ತಿಂಗಳಲ್ಲೇ ನನಗೆ ಪಾಲಿಶಿನ ಹುಚ್ಚು ಹಿಡಿಯಿತು. ಬೂದಿ ಬಡಿದಂತಿದ್ದ ಸಾಗವಾನಿ ಹಲಗೆಗೆ ಮಾವ ಪಾಲಿಶಿನಲ್ಲಿ ಅದ್ದಿದ ಅರಿವೆ ಒಮ್ಮೆ ಆಡಿಸಿದರೆ ಸಾಕು, ಒಳಗಿನ ಗೆರೆಗಳೆಲ್ಲ ಎದ್ದು ಬರುತ್ತಿದ್ದವು. ನಾನು ಏನಾದರೊಂದು ನೆಪ ಹೇಳಿಕೊಂಡು ಹೋಗಿ ನಿಂತು ನೋಡುತ್ತಿದ್ದೆ.

"ಏನ್ ಸುಮ್ನ ನಿಂತೀಬೇ, ಪೇಪರ್ ಹಿಡಿ" ಎಂದರು ಒಂದು ದಿನ. ಅವತ್ತಿನಿಂದ ಪಾಲಿಶ್ ಪೇಪರಿನಿಂದ ತಿಕ್ಕುವುದು, ಮರದ ಸಣ್ಣ ತೂತುಗಳನ್ನು ಮುಚ್ಚುವ ಸೀಲರ್ ಹಚ್ಚುವುದು ನನ್ನ ಪಾಲಿಗೆ ಬಂದವು. ಹೊಳಪು ಕೊಡುವ ಲ್ಯಾಕರಿನ ಕಡೇ ಕೋಟು ಮಾತ್ರ ಅವರದೇ. ವರ್ಷ ತುಂಬುವಷ್ಟರಲ್ಲಿ ಅವರ ಬಲಗೈ ನಡುಗಲು ಶುರುವಾಗಿತ್ತು, ಕಣ್ಣೂ ಮಸುಕಾಗಿತ್ತು. ಆದರೂ ಅರಿವೆ ಬಿಡಲೊಲ್ಲರು. ಕಡೇ ಕೋಟು ನನಗೆ ಕೊಡಿ ಎಂದು ಕೇಳಿದಾಗಲೆಲ್ಲ "ತಡಿ, ನೋಡೂಣು" ಎನ್ನುತ್ತಿದ್ದರು. ಆ "ನೋಡೂಣು" ಕೇಳಿ ಕೇಳಿ ನನ್ನ ಹೊಟ್ಟೆ ಉರಿದುಹೋಗಿತ್ತು.

ಆಗ ರಾಯಬಾಗದ ಅಕ್ಕೋರೊಬ್ಬರು ಬಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು. ನೌಕರಿಯಿಂದ ನಿವೃತ್ತರಾಗಿ ಹೊಸ ಮನೆ ಕಟ್ಟಿಸಿದ್ದರು. ಪಡಸಾಲೆಯ ಗೋಡೆಗೆ ಎಂಟು ಸಾಗವಾನಿ ಫಲಕ ಬೇಕಾಗಿತ್ತು. ನಡುವೆ ಸಮತಟ್ಟು, ನಾಲ್ಕೂ ಅಂಚು ಹೊರಕ್ಕೆ ಇಳಿಜಾರು. ಗಂಡ ಬಹಳ ಚಂದ ಕೆತ್ತಿದರು. ಆದರೆ ಇಳಿಜಾರಿನ ಮೇಲೆ ಲ್ಯಾಕರ್ ಹಚ್ಚುವುದೆಂದರೆ ಹುಡುಗಾಟವಲ್ಲ. ಸಮತಟ್ಟಿನಲ್ಲಿ ಸುಮ್ಮನೆ ಕೂರುವ ಲ್ಯಾಕರ್ ಇಳಿಜಾರಿನಲ್ಲಿ ಜಾರುತ್ತದೆ. ಮೇಲೆ ಇಳಿಜಾರು ಶುರುವಾಗುವ ಚೂಪಿನಲ್ಲಿ ತೆಳುವಾಗುತ್ತದೆ, ಕೆಳಗೆ ಹೋಗಿ ಗಂಟು ಕಟ್ಟುತ್ತದೆ. ಹಾಗಾಗಿ ಚೂಪನ್ನು ಪೇಪರಿನಿಂದ ಕೂದಲೆಳೆಯಷ್ಟು ಸವರಿ, ಅರಿವೆಯನ್ನು ಚೆನ್ನಾಗಿ ಹಿಂಡಿ, ಮೊದಲು ಅಂಚುಗಳಿಗೆ ಹಚ್ಚಿ, ಆಮೇಲೆ ನಡುವಿಗೆ ಬರಬೇಕು. ಮಾವ ಬಾಯಿಬಿಟ್ಟು ಕಲಿಸಿದ್ದಲ್ಲ, ನೋಡಿ ನೋಡಿ ಕಲಿತದ್ದು.

ಅಕ್ಕೋರು ಫಲಕ ಒಯ್ಯಲು ಬರುವ ಹಿಂದಿನ ದಿನ ಮಾವ ಕಣ್ಣು ತೋರಿಸಲು ಚಿಕ್ಕೋಡಿಗೆ ಹೋದರು. ಕಡೇ ಕೋಟು ಬಾಕಿ ಇತ್ತು. ಯಾರು ಹಚ್ಚಬೇಕು ಎಂದು ಹೇಳದೆಯೇ ಬಸ್ಸು ಹತ್ತಿದ್ದರು. ಹತ್ತೂವರೆಗೆ ಮಾವನ ಫೋನು ಬಂತು. ಆ ಕಡೆ ಬಸ್ಸಿನ ಹಾರನ್ನು, ಜನರ ಗದ್ದಲ.

"ಸೀಲರ್ ಒಣಗೇತೇನ್?"

"ಒಣಗೇತ್ರಿ ಮಾಮಾರ. ಪೇಪರ್ ಹೊಡದೇನ್ರಿ."

"ಒರಿಸಿ ಒಂದ್ ತಾಸ ಬಿಡ. ಮಗ ಹಚ್ಚ..." ಅಷ್ಟಕ್ಕೆ ಫೋನು ಕಟ್ಟಾಯಿತು.

ನನಗೆ ಮೈಯೆಲ್ಲ ಉರಿಯಿತು. ವರ್ಷವಿಡೀ ಧೂಳು ಕುಡಿದವಳು ನಾನು, ಕಡೇ ಕೋಟು ಮಗ ಹಚ್ಚಬೇಕಂತೆ! ಗಂಡನ ಮುಂದೆ ಹೋಗಿ ನಿಂತೆ.

"ರೀ, ಮಗ ಹಚ್ಚಲಿ ಅಂದಾರ್ರಿ ನಿಮ್ಮಪ್ಪ."

"ನಾನ? ಅಪ್ಪ ಹಂಗ ಅಂದ್ರ?"

"ಮತ್ತ ಅವ್ರಿಗೆ ಇನ್ನೆಷ್ಟ ಮಂದಿ ಮಕ್ಕಳದಾರ?"

ಪಾಪ, ಉಳಿ ಹಿಡಿದರೆ ಅವರದು ಬಂಗಾರದಂಥ ಕೈ, ಪಾಲಿಶಿಗೆ ನಿಂತರೆ ಮಾತ್ರ ಗೋಡೆಗೆ ಸುಣ್ಣ ಬಳಿಯುವ ಅವಸರ. ಅಂಚು ಮೊದಲು ಹಚ್ಚಿರಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕುಳಿತೆ. ಆ ಸಪ್ಪಳ ಓಣಿಗೆಲ್ಲ ಕೇಳಿಸಿರಬೇಕು.

ಮಧ್ಯಾಹ್ನ ಮಾವ ಬಂದರು. ಕಣ್ಣಿಗೆ ಔಷಧಿ ಹಾಕಿದ್ದರಿಂದ ಹತ್ತಿರದ್ದು ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ನೆಟ್ಟಗೆ ಶೆಡ್ಡಿಗೆ ಹೋಗಿ ಮೊದಲನೇ ಫಲಕದ ಇಳಿಜಾರಿನ ಮೇಲೆ ಹೆಬ್ಬೆರಳು ಎಳೆದರು. ಕೆಳಗೆ ಬಂದು ಬೆರಳು ನಿಂತಿತು. ಎರಡನೆಯದಕ್ಕೆ ಎಳೆದರು, ಅಲ್ಲೂ ಗಂಟು.

"ಯಾರ್ ಹಚ್ಚಿದ್ದ ಇದನ್ನ?"

"ನಿಮ್ಮ ಮಗ" ಎಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ನೀವ ಹೇಳಿದ್ರೆಲ್ಲ, ಮಗ ಹಚ್ಚಲಿ ಅಂತ!"

"ನಾ ಎಲ್ಲಿ ಹಚ್ಚಲಿ ಅಂದ್ನೆ? ಒಂದ್ ತಾಸ ಬಿಡ, ಮಗ ಹಚ್ಚ ಅಂದೆ!" ಎನ್ನುತ್ತ ಅರ್ಧಕ್ಕೇ ನಿಂತರು. ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು. "ಅಯ್ಯ ನಿನ್ನ! ಮರಾಠ್ಯಾಗಿನ ಮಗ ಬೇ ಅದು! ಮಗ ಅಂದ್ರ ಆಮ್ಯಾಲ! ಆಮ್ಯಾಲ ನೀ ಹಚ್ಚ ಅಂತ ಹೇಳಿದ್ನೆಲ್ಲ!"

ದಿನಕ್ಕೆ ನೂರು ಸಲ ಆ "ಮಗ" ಅವರ ಬಾಯಿಂದ ಕೇಳಿದ್ದೆ. ಉಂಡು ಮಗ ಮಲಗು, ಚಹಾ ಕುಡಿದು ಮಗ ಹೋಗು. ಕಿವಿಗೆ ಗೊತ್ತಿತ್ತು, ಉರಿಯುತ್ತಿದ್ದ ಹೊಟ್ಟೆಗೆ ಗೊತ್ತಾಗಲಿಲ್ಲ. ಕಡಿದುಹೋದ ಮಾತಿಗೆ "ಲಿ" ಸೇರಿಸಿದವಳು ನಾನೇ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಮಾವ ನಗಲು ಶುರು ಮಾಡಿದವರು ಕಣ್ಣಿನ ಔಷಧಿಯೆಲ್ಲ ಹರಿದುಹೋಗುವಷ್ಟು ನಕ್ಕರು. ಗಂಡನಿಗೆ ನಗು ಬರಲಿಲ್ಲ.

"ನಾ ಎಂಟೂ ಹಚ್ಚೇನಿ, ನನ್ನ ಕೈ ನೋಯಾಕತ್ತೈತಿ" ಎಂದು ಅವರು ಗೊಣಗಿದರು.

ನಕ್ಕರೆ ಆಯಿತೇ? ಬೆಳಿಗ್ಗೆ ಅಕ್ಕೋರು ಬರುವವರು. ಮಾವ ಸ್ಟೂಲು ಎಳೆದುಕೊಂಡು ಕುಳಿತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. "ಹೂಂ" ಎಂದರು, ಅಷ್ಟೇ. ನಾನು ಥಿನ್ನರ್ ಅದ್ದಿದ ಅರಿವೆಯಿಂದ ಗಂಟುಗಳನ್ನೆಲ್ಲ ಕರಗಿಸಿ ಒರೆಸಿದೆ, ಒಣಗಲು ಬಿಟ್ಟು ನುಣ್ಣಗೆ ತಿಕ್ಕಿದೆ. ಆಮೇಲೆ, ಅಂದರೆ ಮಗ, ಅರಿವೆ ಹಿಂಡಿ ಮೊದಲನೇ ಅಂಚಿಗೆ ಇಟ್ಟೆ. ನಾಲ್ಕೂ ಅಂಚು ಮುಗಿಸಿ ನಡುವಿಗೆ ಬಂದೆ. ಹೊತ್ತು ಮುಳುಗುವುದರೊಳಗೆ ಎಂಟೂ ಮುಗಿದವು. ಮಾವ ಮುಟ್ಟಿ ನೋಡಲೂ ಇಲ್ಲ, ಚೊಲೋ ಆಗೇತಿ ಎಂದು ಒಂದು ಮಾತು ಅನ್ನಲೂ ಇಲ್ಲ. ನನಗೆ ಮತ್ತೆ ಸಿಟ್ಟು ಬಂತು.

ಮರುದಿನ ಅಕ್ಕೋರು ಟೆಂಪೋ ತಂದರು. ಪರೀಕ್ಷೆಯ ಪೇಪರ್ ನೋಡುವ ಹಾಗೆ ಒಂದೊಂದು ಫಲಕವನ್ನೂ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿ ನೋಡಿದರು. ಎಂಟನೆಯದನ್ನು ಕೆಳಗಿಟ್ಟು ನಕ್ಕರು.

"ಭಾಳ ಚಲೋ ಆಗ್ಯಾವ್ರಿ ಯಜಮಾನ್ರ. ಈ ವಯಸ್ಸಿನ್ಯಾಗೂ ಏನ್ ಕೈರೀ ನಿಮ್ದು! ಇನ್ನ ಬಾಗಲಾ ಅದಾವು, ಅವೂ ನಿಮ್ಮ ಕೈಲೇ ಆಗಬೇಕ್ರಿ."

"ನಂದು ಮುಗೀತ್ರಿ ಅಕ್ಕೋರ" ಎಂದರು ಮಾವ. "ಇವನ್ನೂ ನಾ ಹಚ್ಚಿಲ್ಲ. ಇನ್ಮ್ಯಾಲ ಕಡೇ ಕೋಟ ಎಲ್ಲಾ ನಮ್ಮ ಮಗ ಹಚ್ತಾನ್ರಿ."

ಅಕ್ಕೋರು ನನ್ನ ಗಂಡನ ಕಡೆ ತಿರುಗಿದರು. ಮಾವ ತಲೆ ಅಲ್ಲಾಡಿಸಿ, ಗದ್ದ ಎತ್ತಿ ನನ್ನನ್ನು ತೋರಿಸಿದರು.

ಹಚ್ತಾನ ಎಂದಿದ್ದರು. ಇದು ಮರಾಠಿಯ ಮಗ ಅಲ್ಲ, ಈ ಸಲ ನನ್ನ ಕಿವಿಗೂ ಹೊಟ್ಟೆಗೂ ಒಟ್ಟಿಗೇ ಗೊತ್ತಾಯಿತು. ಕಣ್ಣು ತುಂಬಿ ಬಂತು, ಚಹಾ ಇಡುತ್ತೇನೆಂದು ಒಳಗೆ ಓಡಿದೆ. ಹೊರಗೆ ನನ್ನ ಗಂಡನ ದನಿ ಕೇಳಿಸುತ್ತಿತ್ತು.

"ಹಂಗಾದ್ರ ನಾ ಯಾರಪಾ?"

"ನೀ ರಂದಾ ಹೊಡಿಲೇ, ಸುಮ್ನ" ಎಂದರು ಮಾವ.